ಅರ್ಥ ಮಾಡಿ ಮುಟ್ಟು

ಶಿವರಾತ್ರಿ ಕಳೆಯಿತು, ಚಳಿ ಶಿವಶಿವಾ ಅಂತ ಹೋಯಿತು.
ವಿನೋಬನಗರದ ಗಾಳಿ ಈಗ ಸುಟ್ಟ ಹಪ್ಪಳ.
ಮಳೆಗಾಲವಿಡೀ ಬೂಷ್ಟು ಹಿಡಿದ ರೆಕಾರ್ಡುಗಳಿಗೆ
ಇನ್ನು ಧೂಳು ಹಿಡಿಯುವ ಸರದಿ.

ನಲವತ್ತಮೂರು ಇವೆ.
ದಸ್ತಗೀರ್ ಸಾಹೇಬರು ಮೈಕ್‌ಸೆಟ್ ಅಂಗಡಿ ಮುಚ್ಚುವ ದಿನ
‘ನನ್ನ ಪೆಂಡಾಲಿಗೆಂದು ನಡುರಾತ್ರಿ
ಎಷ್ಟು ಕಂಬ ಹತ್ತಿದ್ದೀರಿ ಲೈನ್‌ಮನ್ ಸಾಬ್’
ಅನ್ನುತ್ತ ಪೆಟ್ಟಿಗೆಯನ್ನು ನನ್ನ ಸೈಕಲ್ಲಿಗೆ ತಾವೇ ಕಟ್ಟಿದರು.

ತೊಳೆಯುವುದು ಕಲಿತೆ.
ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್,
ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ,
ಹಳೇ ಪಂಚೆಯ ತುಂಡು.
ನಡುವಿನ ಚೀಟಿ ನೆನೆಯಬಾರದು,
ಗೆರೆ ಹೋದ ದಾರಿಯಲ್ಲೇ ಬಟ್ಟೆಯೂ ಹೋಗಬೇಕು.
ಒಣಗಿದರೆ ಕನ್ನಡಿ:
ಸೀಲಿಂಗ್ ಫ್ಯಾನು, ಅದರ ಕೆಳಗೆ ನನ್ನ ಬೋಳುತಲೆ.

ಅಷ್ಟಕ್ಕೆ ಬಿಡಬೇಕಿತ್ತು.
ಇನ್ನಷ್ಟು ಹೊಳೆಯಲಿ ಅಂತ
ಟೆರಿಲಿನ್ ಅಂಗಿ ಹರಿದು ತಿಕ್ಕಿದೆ, ತಿಕ್ಕಿದೆ.
ಮುಂಗೈಯ ಕೂದಲು ಎದ್ದು ನಿಂತವು.
ಮಂಚದಡಿಯ ಧೂಳು, ಬೆಕ್ಕಿನ ರೋಮ, ನಿನ್ನೆಯ ಊದುಬತ್ತಿಯ ಬೂದಿ
ಹೆಸರು ಹಿಡಿದು ಕೂಗಿದ ಹಾಗೆ ಬಂದು ಕೂತವು.
ಮುಳ್ಳು ಇಟ್ಟರೆ
ಶಹನಾಯಿಗೆ ಮೊದಲು ಸಾಸಿವೆ ಒಗ್ಗರಣೆ.

ಮೂವತ್ತನಾಲ್ಕು ವರ್ಷ ನಾನು ತಂತಿಯ ಜೊತೆ ಬಾಳಿದವನು.
ಸ್ವಿಚ್ ತೆಗೆದ ಲೈನನ್ನೂ ನಂಬುವುದಿಲ್ಲ.
ಸತ್ತ ತಂತಿಗೂ ನೆನಪಿರುತ್ತದೆ;
ಮೊದಲು ರಾಡು ಸಿಕ್ಕಿಸಿ ನೆಲಕ್ಕೆ ಇಳಿಸು, ಆಮೇಲೆ ಕೈ ಹಾಕು.
‘ಅರ್ಥ ಮಾಡಿ ಮುಟ್ಟು’ ಅನ್ನುವುದು ನಮ್ಮ ಸೆಕ್ಷನ್ನಿನ ಮಾತು.
ಹೊಸ ಹುಡುಗರು ನಗುತ್ತಿದ್ದರು.
ಆಯನೂರಿನ ಆಚೆ ಹಾಲಪ್ಪ ಒಂದು ಸಲ ಮರೆತ.
ಬಲಗೈಲಿ ಮೂರು ಬೆರಳು ಉಳಿದವು.

ಸರಿ, ಹಿತ್ತಲಲ್ಲಿ ಗುಂಡಿ ತೆಗೆದೆ,
ಇದ್ದಿಲು, ಉಪ್ಪು, ತಾಮ್ರದ ಪಟ್ಟಿ,
ಕಿಟಕಿಯಿಂದ ಪ್ಲೇಯರಿನವರೆಗೆ ಹಸಿರು ತಂತಿ.
ಒಂದು ಸಬ್‌ಸ್ಟೇಷನ್ನಿಗೆ ಸಾಕಾಗುವಷ್ಟು ಅರ್ಥಿಂಗು!
ಮತ್ತೆ ಚಟ್.
ಚಟ್ ಚಟ್.

ಮಗ್ಗಿಯಷ್ಟು ಸುಲಭದ್ದು, ಹೊಳೆಯಲು ನಾಲ್ಕು ದಿನ ಬೇಕಾಯಿತು:
ಇದು ತಾಮ್ರವಲ್ಲ.
ಇದರ ಮೈಮೇಲೆ ಏನೂ ಹರಿಯುವುದಿಲ್ಲ.
ಎಲ್ಲಿ ತಿಕ್ಕಿದೆಯೋ ಅಲ್ಲೇ ಕೂತಿರುತ್ತದೆ,
ಮೂಲೆ ಹಿಡಿದ ಮಗುವಿನ ಸಿಟ್ಟು.
ನೆಲ ಎಷ್ಟು ಕರೆದರೂ
ಇಳಿದು ಹೋಗಲು ಮೆಟ್ಟಿಲಿಲ್ಲ.

ವಿಶಾಲು ಸ್ನಾನ ಮುಗಿಸಿ ಬಂದಳು.
ಬೇರೆ ಜಾಗ ಇಲ್ಲದೆ
ಪ್ಲೇಯರಿನ ಪಕ್ಕದ ಕುರ್ಚಿಗೆ ಒದ್ದೆ ಟವೆಲ್ ಹರವಿದಳು.
ನಾನು ಬೈಯಲು ಬಾಯಿ ತೆರೆದೆ.
ಅರ್ಧ ಗಂಟೆ ಕಳೆದು ರೆಕಾರ್ಡು ಎತ್ತಿದರೆ
ಬೆರಳಿಗೆ ಕಿಡಿಯಿಲ್ಲ, ಬೆಕ್ಕಿನ ರೋಮ ಉಫ್ ಅಂದರೆ ಹಾರುತ್ತದೆ.
ಬಾಯಿ ಮುಚ್ಚಿದೆ.
ಇಡೀ ಮಳೆಗಾಲ ನಾನು ಶಪಿಸಿದ ಪಸೆ
ಒಂದು ಟವೆಲಿನಷ್ಟು ಬೇಕಿತ್ತು, ಅಷ್ಟೆ.

ಭಾನುವಾರ ಹಾಲಪ್ಪ ಬಂದ.
ಹಳೆ ಅಭ್ಯಾಸ, ಮೊದಲು ಕಿಟಕಿಯ ಸರಳು ಮುಟ್ಟಿದ.
ಆಮೇಲೆ ಆ ಮೂರು ಬೆರಳಲ್ಲಿ
ಅಂಚು ಮಾತ್ರ ತಾಗಿಸಿ, ಗೆರೆ ಸೋಕದೆ,
ಕಾಗದದ ಕವರಿನಿಂದ ತೆಗೆದು ಇಟ್ಟನಲ್ಲ,
ಹತ್ತು ಬೆರಳಿರುವ ನನಗೆ ಇಷ್ಟು ದಿನ ಬಾರದ್ದು.

ಮುನ್ನೂರು ಮದುವೆಯ ಧಾರೆಗೆ ಊದಿದ ಶಹನಾಯಿ
ಒಗ್ಗರಣೆಯಿಲ್ಲದೆ ಶುರುವಾಯಿತು.
ಸುತ್ತಿಗೊಂದು ಸಲ ಮಾತ್ರ,
ಅದೇ ಜಾಗದಲ್ಲಿ, ಟಿಕ್.
ನಾನು ಟವೆಲನ್ನು ಇನ್ನೂ ಹತ್ತಿರ ಎಳೆದೆ.

‘ಅದು ಧೂಳಲ್ಲ, ಕರೆಂಟೂ ಅಲ್ಲ ಮಾರಾಯ.
ಗೀರು’ ಅಂದ ಹಾಲಪ್ಪ,
ಕೈಯನ್ನು ಜೇಬಿಗೆ ಹಾಕಿಕೊಂಡ.

ಟಿಕ್.

ಒಳಗಿಂದ ವಿಶಾಲು:
‘ಆ ಟವೆಲ್ ಈಗಲಾದ್ರೂ ಕೊಡ್ತೀರೋ,
ಸ್ನಾನಕ್ಕೆ ಹೊತ್ತಾಯ್ತು.’